ನದಿಗಳ ನಡುವಿನವರು: ಪಂಚಾಶತ್ತಮ ಹಬ್ಬದ ಪ್ರಬೋಧನೆ



ಪವಿತ್ರಾತ್ಮರ ಆಗಮನದ ಈ ಹಬ್ಬದಂದು ಪ್ರೇಷಿತರ ಕಾರ್ಯಕಲಾಪಗಳಿಂದ ಓದುವ ವಾಚನದಲ್ಲಿ ನಾಡುಗಳ ಉದ್ದನೆಯ ಪಟ್ಟಿಯೊಂದಿದೆ. ಓದುವವರ ನಾಲಿಗೆ ಅಲ್ಲಿ ತೊಡರುತ್ತದೆ. ರಬಕವಿಯಲ್ಲಿ ಒಮ್ಮೆ ಪೂಜೆ ಮುಗಿದ ಮೇಲೆ ಹುಡುಗನೊಬ್ಬ ಬಂದು ಕೇಳಿದ: “ಫಾದರ್, ಮೆಸಪೊಟೇಮಿಯದವರು ಅಂದ್ರ ಯಾವ ಮಂದಿರಿ?”

ನಮ್ಮ ಕಡೆ ‘ಯಾವ ಮಂದಿ’ ಎಂದರೆ ಏನೆಂದು ನಿಮಗೆ ಗೊತ್ತು. ಯಾವ ಜಾತಿ ಎಂದೇ ಅವನು ಕೇಳಿದ್ದು.

ಮೆಸಪೊಟೇಮಿಯ ಎಂಬುದು ಗ್ರೀಕ್ ಮಾತು. ‘ಮೆಸೊಸ್’ ಎಂದರೆ ನಡು, ‘ಪೊಟಮೊಸ್’ ಎಂದರೆ ನದಿ. ಟೈಗ್ರಿಸ್ ಮತ್ತು ಯೂಫ್ರೆಟಿಸ್ ನದಿಗಳ ನಡುವಿನ ನಾಡು ಅದು. ಅದರ ಬಹುಪಾಲು ಇಂದಿನ ಇರಾಕಿನಲ್ಲಿದೆ. ಹಿಬ್ರೂ ಬೈಬಲ್ ಅದನ್ನು ‘ಅರಾಮ್ ನಹರಾಯಿಮ್’, ಎರಡು ನದಿಗಳ ಅರಾಮ್, ಎನ್ನುತ್ತದೆ. ಅಬ್ರಹಾಮನ ಸೇವಕ ಇಸಾಕನಿಗೆ ಹೆಣ್ಣು ತರಲು ಹೋದದ್ದು ಅಲ್ಲಿಗೇ.

ಸುಮೇರಿಯರು, ಅಕ್ಕಾದಿಯರು, ಬಾಬಿಲೋನಿಯರು, ಅಸ್ಸೀರಿಯರು ಬಾಳಿ ಆಳಿದ ನೆಲವದು. ಅರಸರು ಬದಲಾದರು, ನುಡಿಗಳು ಬದಲಾದವು. ಆದ್ದರಿಂದ ಮೆಸಪೊಟೇಮಿಯದವರು ಎಂಬುದು ಕುಲದ ಹೆಸರಲ್ಲ. ಒಂದೇ ನೀರು ಕುಡಿದು ಬದುಕಿದವರ ಹೆಸರು.

ನಮ್ಮ ಪೂರ್ವಿಕರಿಗೂ ಇಂಥದೇ ಮಾತಿತ್ತು. ಕೃಷ್ಣೆ ತುಂಗಭದ್ರೆಯರ ನಡುವಿನ ರಾಯಚೂರು ಸೀಮೆಯನ್ನು ಅವರು ‘ಎಡೆದೊರೆ ನಾಡು’ ಎಂದು ಕರೆದರು. ಎಡೆ ಎಂದರೆ ನಡು, ತೊರೆ ಎಂದರೆ ಹೊಳೆ. ಅಂದರೆ ಮೆಸಪೊಟೇಮಿಯ! ರಬಕವಿಯೂ ಅಂಥ ಊರೇ. ಬಡಗಣಕ್ಕೆ ಕೃಷ್ಣೆ, ತೆಂಕಣಕ್ಕೆ ಘಟಪ್ರಭೆ. ಬೀಳಗಿ ಸೀಮೆಯ ಚಿಕ್ಕಸಂಗಮದಲ್ಲಿ ಎರಡೂ ಕೂಡುತ್ತವೆ. ಹುಡುಗನಿಗೆ ನಾನು ಹೇಳಿದೆ: “ತಮ್ಮಾ, ನೀನೂ ನದಿಗಳ ನಡುವಿನವನೇ.”

2019ರ ಆಗಸ್ಟ್ ತಿಂಗಳಲ್ಲಿ ಎರಡೂ ಹೊಳೆಗಳು ಉಕ್ಕಿ ಬಂದದ್ದನ್ನು ಯಾರು ಮರೆತಾರು? ಮನೆಗೆ ನುಗ್ಗಿದ ನೀರು ಒಳಗಿದ್ದವರು ಯಾವ ಮಂದಿ ಎಂದು ಕೇಳಲಿಲ್ಲ. ಗಂಜಿ ಕೇಂದ್ರದಲ್ಲಿ ಹಸಿದವನೂ ಬಡಿಸುವವನ ಕುಲ ಕೇಳಲಿಲ್ಲ. ನೀರು ಇಳಿಯಿತು, ಆ ಪ್ರಶ್ನೆ ಮಾತ್ರ ಮತ್ತೆ ನಮ್ಮ ಬಾಯಿಗೆ ಬಂತು.

ಸಂತ ಲೂಕರ ಪಟ್ಟಿಯನ್ನು ಗಮನಿಸಿರಿ. ಪಾರ್ಥಿಯರು, ಮೇದ್ಯರು, ಎಲಾಮಿನವರು ಎಂದು ಮೊದಲು ಜನಾಂಗಗಳ ಹೆಸರು ಬರುತ್ತದೆ. ಆಮೇಲೆ ನೆಲೆಸಿದ ನಾಡಿನಿಂದಲೇ ಗುರುತಿಸಲ್ಪಡುವವರಲ್ಲಿ ಮೊದಲಿಗರು ಮೆಸಪೊಟೇಮಿಯದವರು. ಇವರು ಯಾರು? ಕ್ರಿಸ್ತಪೂರ್ವ ಆರನೆಯ ಶತಮಾನದಲ್ಲಿ ಬಾಬಿಲೋನಿಗೆ ಸೆರೆಯೊಯ್ಯಲ್ಪಟ್ಟ ಯೆಹೂದ್ಯರಲ್ಲಿ ಅನೇಕರು ಹಿಂದಿರುಗದೆ ಅಲ್ಲಿಯೇ ನೆಲೆಸಿದರು. ಅಂಥವರ ಸಂತತಿ ಜೆರುಸಲೇಮಿನ ಹಬ್ಬಕ್ಕೆ ಬಂದಿತ್ತು. ಕಣ್ಣೀರಿನ ನಾಡು ಅವರಿಗೆ ತವರಾಗಿತ್ತು. ಬಾಬೆಲಿನ ಗೋಪುರದ ಬಳಿ ಭಾಷೆ ಕಲಸಿಹೋದದ್ದೂ ಆ ನಾಡಿನಲ್ಲೇ. ಆ ನಾಡಿನವರ ಮನೆಮಾತಿನಲ್ಲೇ ಪವಿತ್ರಾತ್ಮರು ಶುಭಸಂದೇಶವನ್ನು ಕೇಳಿಸಿದರು.

2014ರಲ್ಲಿ ಆ ನದಿಗಳ ನಾಡಿನ ಮೋಸುಲ್ ನಗರದಿಂದ ಕ್ರೈಸ್ತರನ್ನು ಓಡಿಸಲಾಯಿತು. ಅವರು ಯಾವ ಮಂದಿ ಎಂಬುದಷ್ಟೇ ಅದಕ್ಕೆ ಕಾರಣ. 2021ರ ಮಾರ್ಚಿನಲ್ಲಿ ಜಗದ್ಗುರು ಫ್ರಾನ್ಸಿಸ್ ಅಲ್ಲಿಗೆ ಹೋದರು. ಅಬ್ರಹಾಮನ ಊರಾದ ಊರ್‌ನಲ್ಲಿ ಬೇರೆ ಬೇರೆ ಧರ್ಮದವರ ಜೊತೆ ಕುಳಿತರು.

ಪ್ರಿಯರೇ, ಬಾಗಿಲಿಗೆ ಬಂದವರನ್ನು ‘ಯಾವ ಮಂದಿ’ ಎಂದು ಕೇಳುವ ಮೊದಲು ಒಂದು ತಂಬಿಗೆ ನೀರು ಕೊಡೋಣ. ಅದು ನಮ್ಮೆಲ್ಲರ ಹೊಳೆಯ ನೀರು. ಪವಿತ್ರಾತ್ಮರು ನಮಗೆ ಆ ಭಾಷೆಯನ್ನು ಕಲಿಸಲಿ. ಆಮೆನ್.