ಡಬ್ಬಿಯ ಹಿಂದಿನ ಸಣ್ಣ ಅಕ್ಷರ

ಮಕ್ಕಳಿಗೆ ಶಕ್ತಿ ಬರಲಿ ಅಂತ ಸಾಲದ ಕಂತು ಕಟ್ಟಿ ಉಳಿದ ದುಡ್ಡಲ್ಲಿ ಬೋರ್ನ್‌ವಿಟಾ ಡಬ್ಬಿ ತರುವವರು ನಮ್ಮಲ್ಲೂ ಇದ್ದೇವೆ. ಅದರಲ್ಲಿ ಸಕ್ಕರೆಯೇ ಜಾಸ್ತಿ, ಆರೋಗ್ಯದ ಹೆಸರು ಹೇಳಿ ಮಾರುತ್ತಾರೆ ಎಂದು 2023ರ ಏಪ್ರಿಲ್‌ನಲ್ಲಿ ರೇವಂತ್ ಹಿಮತ್‌ಸಿಂಗ್ಕಾ ಎಂಬವರು ವಿಡಿಯೋ ಮಾಡಿದರು. ಲಕ್ಷಾಂತರ ಜನ ನೋಡಿದರು. ಕಂಪನಿ ಇದು ಸುಳ್ಳು ಎಂದಿತು. ವಕೀಲರ ನೋಟಿಸು ಬಂತು. ಕೋರ್ಟು ಅಲೆಯುವ ಶಕ್ತಿ ತಮಗಿಲ್ಲವೆಂದು ಅವರು ವಿಡಿಯೋ ತೆಗೆದು ಕ್ಷಮೆ ಕೇಳಿದರು. ಓದಿದವರೇ ಹೀಗೆ ಹೆದರಿದರೆ ನಮ್ಮ ಪಾಡೇನು ಅನ್ನಿಸಿತು ನಮಗೆ.

ಆದರೆ ಮಾತು ನಿಲ್ಲಲಿಲ್ಲ. ಅದೇ ವರ್ಷದ ಕೊನೆಗೆ ಕಂಪನಿ ಸಕ್ಕರೆಯನ್ನು ನೂರಕ್ಕೆ ಸುಮಾರು 14ರಷ್ಟು ಇಳಿಸಿತು. 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರವೂ ಇಂಥವನ್ನು ‘ಆರೋಗ್ಯ ಪೇಯ’ದ ಸಾಲಿನಿಂದ ತೆಗೆಯಿರಿ ಎಂದು ಆನ್‌ಲೈನ್ ಅಂಗಡಿಗಳಿಗೆ ತಿಳಿಸಿತು.

ಮುಂದಿನ ವಾರದ ಸಭೆಗೆ ಮನೆಯಲ್ಲಿರುವ ಡಬ್ಬಿ ತನ್ನಿ. ಹಿಂದಿನ ಸಣ್ಣ ಅಕ್ಷರ ಎಲ್ಲರೂ ಸೇರಿ ಓದೋಣ.