ಎರಡು ದಡ, ಒಂದು ನಾಯಿ



ಈ ದತ್ತಿ ಉಪನ್ಯಾಸ ಯಾರ ಹೆಸರಿನಲ್ಲಿದೆಯೋ ಆ ಮೇಷ್ಟ್ರು ಕೋವಿ ಮುಟ್ಟಿದವರಲ್ಲ, ಕೆರೆ ಏರಿಯ ಮೇಲೆ ದುರ್ಬೀನು ಹಿಡಿದು ಬಾತುಗಳನ್ನು ಎಣಿಸಿದವರು. ಅವರ ಹೆಸರಿನ ವೇದಿಕೆಗೆ ಬಾತು ಬೇಟೆಯ ಮಾತಾಡಲು ನನ್ನನ್ನು ಕರೆದದ್ದು ನಿಮ್ಮ ದೊಡ್ಡತನ. ಒಪ್ಪಿಕೊಂಡದ್ದು ನನ್ನ ಧಾರ್ಷ್ಟ್ಯ.

ಹಿನ್ನೆಲೆಯನ್ನು ಬೇಗ ಮುಗಿಸಿಬಿಡುತ್ತೇನೆ. ಅಮೆರಿಕದ ಚೆಸಾಪೀಕ್ ಕೊಲ್ಲಿ, ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳು. ಕೊಲ್ಲಿಯ ತಳದಲ್ಲಿ ಬೆಳೆಯುವ ಕಾಡುಸೆಲರಿ ತಿನ್ನಲು ಚಳಿಗಾಲದಲ್ಲಿ ಕ್ಯಾನ್ವಾಸ್‌ಬ್ಯಾಕ್ ಬಾತುಗಳು ಬಂದಿಳಿಯುತ್ತಿದ್ದವು. ಆ ಸಸ್ಯದ ಹೆಸರು ಹಕ್ಕಿಯ ಶಾಸ್ತ್ರೀಯ ಹೆಸರಿನೊಳಗೂ ಸೇರಿಕೊಂಡಿದೆ. ದೊಡ್ಡ ಹೋಟೆಲುಗಳಲ್ಲಿ ಅದರ ಮಾಂಸಕ್ಕೆ ಬಲು ಬೇಡಿಕೆ. ಮಾರುವುದಕ್ಕಾಗಿ ಹೊಡೆಯುವವರು ಒಂದು ಕಡೆ, ಕ್ಲಬ್ಬು ಕಟ್ಟಿಕೊಂಡು ಗೆಳೆಯರ ಜೊತೆ ಬರುವ ಸಿರಿವಂತರು ಇನ್ನೊಂದು ಕಡೆ. ಅವರ ಕೋವಿಗಳು, ನೀರಿನ ಮೇಲೆ ತೇಲಿಬಿಡುವ ಮರದ ಬಾತುಗಳು, 1918ರ ವಲಸೆ ಹಕ್ಕಿ ಕಾಯ್ದೆ, ಇವೆಲ್ಲ ಪುಸ್ತಕಗಳಲ್ಲಿ ಸಿಗುತ್ತವೆ. ನನಗೆ ಬೇಕಾದದ್ದು ಆ ಗೆಳೆಯರ ಪಕ್ಕದಲ್ಲಿ ಕೂತ ನಾಯಿ.

ಜೊಂಡಿನ ಮರೆಯಿಂದ ಈಡು ಹಾರುತ್ತದೆ. ಹಕ್ಕಿ ತೆಳು ಮಂಜುಗಡ್ಡೆಯ ಆಚೆ ಬೀಳುತ್ತದೆ. ನಾಯಿ ಎದೆಯಿಂದ ಗಡ್ಡೆ ಒಡೆಯುತ್ತ ಈಜಿ ಹೋಗಿ, ಹಲ್ಲು ನಾಟದ ಹಾಗೆ ಹಿಡಿದು ತರುತ್ತದೆ. ಹೊರಗೆ ಒರಟು ರೋಮ, ಒಳಗೆ ಉಣ್ಣೆಯಂಥ ದಟ್ಟ ರೋಮ, ಎರಡರಲ್ಲೂ ಎಣ್ಣೆ. ಒಂದು ಸಲ ಮೈ ಕೊಡವಿದರೆ ಮುಕ್ಕಾಲು ನೀರು ಹೋಯಿತು. ಬಣ್ಣಗಳಲ್ಲೊಂದಕ್ಕೆ ಅಲ್ಲಿನವರು ಇಟ್ಟ ಹೆಸರು ‘ಒಣಹುಲ್ಲು’.

ಈ ಚೆಸಾಪೀಕ್ ನಾಯಿಯ ತಳಿ ಬಂದದ್ದೆಲ್ಲಿಂದ? ತಳಿಪ್ರೇಮಿಗಳ ಬಾಯಲ್ಲಿ ಒಂದೇ ಕಥೆ. 1807ರಲ್ಲಿ ನ್ಯೂಫೌಂಡ್‌ಲ್ಯಾಂಡಿನಿಂದ ಇಂಗ್ಲೆಂಡಿಗೆ ಹೊರಟ ಹಡಗೊಂದು ಮುಳುಗುತ್ತಿತ್ತು. ‘ಕ್ಯಾಂಟನ್’ ಎಂಬ ಹಡಗು ಅದರಲ್ಲಿದ್ದವರನ್ನೂ ಎರಡು ನಾಯಿಮರಿಗಳನ್ನೂ ಉಳಿಸಿತು. ಮಾಸಲು ಕೆಂಪಿನ ಗಂಡು ಸೈಲರ್, ಕಪ್ಪು ಹೆಣ್ಣು ಕ್ಯಾಂಟನ್. ಇಡೀ ತಳಿ ಈ ಜೋಡಿಯ ಸಂತಾನವಂತೆ.

ಇದಕ್ಕೆ ಆಧಾರ, ಆ ಮರಿಗಳನ್ನು ಕೊಂಡ ಜಾರ್ಜ್ ಲಾ 1845ರಲ್ಲಿ ಬರೆದ ಕಾಗದ. ಸರಿ, ಆ ಕಾಗದವನ್ನೇ ಓದೋಣ. ಹೆಣ್ಣು ಸ್ಪ್ಯಾರೋಸ್ ಪಾಯಿಂಟಿನ ಒಬ್ಬ ವೈದ್ಯರ ಮನೆಗೆ ಹೋಯಿತು. ಗಂಡು ಕೈಬದಲಾಗಿ, ಕೊನೆಗೆ ಒಂದು ಮೆರಿನೊ ಟಗರಿನ ಬದಲಿಗೆ ಗವರ್ನರ್ ಲಾಯ್ಡ್ ಅವರ ಜಮೀನು ಸೇರಿತು. ಒಂದು ಪಡುದಡ, ಇನ್ನೊಂದು ಮೂಡುದಡ, ನಡುವೆ ಕೊಲ್ಲಿ. ಈ ಎರಡೂ ಕೂಡಿದವೆಂಬುದಕ್ಕೆ ಒಂದು ಸಾಲಿನ ದಾಖಲೆಯೂ ಇಲ್ಲ. ನಮ್ಮ ಮೇಷ್ಟ್ರಾಗಿದ್ದರೆ “ಮರಿ ಹಾಕಿದ ಲೆಕ್ಕ ಎಲ್ಲಯ್ಯಾ?” ಎಂದು ಕೇಳಿ ಕನ್ನಡಕ ತೆಗೆದಿಡುತ್ತಿದ್ದರು.

ನೀರುನಾಯಿಯ ಜೊತೆ ಬೆರೆತು ಹುಟ್ಟಿದ ತಳಿ ಎನ್ನುವವರೂ ಇದ್ದಾರೆ. ಜೀವಶಾಸ್ತ್ರದ ಮೊದಲ ಪಾಠ ಗೊತ್ತಿದ್ದವರು ಅದಕ್ಕೆ ಉತ್ತರ ಕೊಡುತ್ತ ಕೂರಬೇಕಾಗಿಲ್ಲ.

ನನ್ನ ವಾದ ಇಷ್ಟೇ: ಈ ತಳಿಯನ್ನು ರೂಪಿಸಿದ್ದು ಒಂದು ಜೋಡಿಯ ರಕ್ತವಲ್ಲ, ಎರಡೂ ದಡದ ಕೆಲಸ. ಅದಕ್ಕೆ ಬಲ ಕೊಡುವುದು 1877ರ ಬಾಲ್ಟಿಮೋರ್ ಪ್ರದರ್ಶನ. ಎರಡೂ ದಡದ ನಾಯಿಗಳನ್ನು ಅಲ್ಲಿ ಒಟ್ಟಿಗೆ ನಿಲ್ಲಿಸಿ, ಒಂದೇ ತಳಿ ಎಂದು ತೀರ್ಮಾನಿಸಿದರು. ಹಡಗಿನ ಕಥೆಯವರು ಇದನ್ನು ತಮ್ಮ ಗೆಲುವೆಂದು ಎಣಿಸುತ್ತಾರೆ. ಆದರೆ ಅದೇ ತೀರ್ಮಾನದಲ್ಲಿ ಮೂರು ಬಗೆ ಹೇಳಿದ್ದಾರೆ: ನೀರುನಾಯಿಯಂಥ ಮೋಟು ರೋಮದ್ದು, ಗುಂಗುರು ರೋಮದ್ದು, ನೇರ ರೋಮದ್ದು. ಮೂರು ಬಗೆಯ ರೋಮವನ್ನು ಒಂದೇ ಹೆಸರಿನಡಿ ತಂದವರು ರಕ್ತ ನೋಡಿದರೇ, ಕೆಲಸ ನೋಡಿದರೇ? ಅವರು ಕೊಟ್ಟ ಹೆಸರನ್ನೇ ಕೇಳಿ: ‘ಚೆಸಾಪೀಕ್ ಕೊಲ್ಲಿಯ ಬಾತುಬೇಟೆ ನಾಯಿ’. ಎರಡು ದಡದಲ್ಲೂ ಒಂದೇ ಹಿಮನೀರು, ಒಂದೇ ಹಕ್ಕಿ. ತಡೆದುಕೊಂಡ ನಾಯಿಯ ಮರಿಗಳನ್ನು ಉಳಿಸಿಕೊಂಡರು, ನಡುಗಿದ್ದನ್ನು ಬಿಟ್ಟರು. ಎಪ್ಪತ್ತು ವರ್ಷ ಈ ಆಯ್ಕೆ ನಡೆದಿದೆ. ಸೈಲರ್, ಕ್ಯಾಂಟನ್ ಅದರಲ್ಲಿ ಪಾಲುದಾರರಿರಬಹುದು, ಮೂಲಪುರುಷರಲ್ಲ. ನಾಯಿ ಸಾಕಿದ ಬೆಸ್ತರ, ಕೂಲಿ ಬೇಟೆಗಾರರ ಹೆಸರು ಯಾರೂ ಬರೆದಿಡಲಿಲ್ಲ. ಗವರ್ನರರ ಟಗರು ಮಾತ್ರ ಚರಿತ್ರೆ ಸೇರಿತು.

ಮುಧೋಳ ನಾಯಿಯ ಮಾತು ಬಂದಾಗಲೂ ಹೀಗೆಯೇ. ರಾಜಾ ಮಾಲೋಜಿರಾವ್ ಘೋರ್ಪಡೆಯವರ ಹೆಸರು ಮೊದಲು ಬರುತ್ತದೆ, ಅದಕ್ಕೂ ಮುಂಚೆ ಅದನ್ನು ಸಾಕಿಕೊಂಡು ಬಂದ ಬೇಡರದು ಆಮೇಲೆ. ಸಭೆಯಲ್ಲಿ ಮುಧೋಳ ಕಡೆಯವರಿದ್ದರೆ ಒಂದು ಬಿನ್ನಹ: ನಿಮ್ಮ ಮನೆಯ ನಾಯಿಯ ತಾಯಿ ಯಾರ ಮನೆಯದು, ಅದರ ತಾಯಿ ಯಾರ ಮನೆಯದು ಎಂದು ಹಿರಿಯರನ್ನು ಕೇಳಿ, ಒಂದು ಹಾಳೆಯಲ್ಲಿ ಬರೆದಿಡಿ.