ಸೋಡಚೀಟಿಯೂ ಕೋರ್ಟಿನ ಕಡೆಯ ತಾರೀಖೂ

(ಬನಹಟ್ಟಿಯ ಸಭೆಯಲ್ಲಿ ಆಡಿದ ಮಾತು)



ಕೂಲಿ, ಬೋನಸ್ಸು, ನೂಲಿನ ದರ ಇವನ್ನು ಬದಿಗಿಟ್ಟು ಇಂದು ಸಂಸಾರದ ಮಾತು ಎತ್ತಿದ್ದೇವೆ. ಪಕ್ಷದವರಿಗೆ ಇದೇಕೆ ಎಂದು ಕೆಲವರು ಕೇಳಿಯಾರು. ಜಮಖಂಡಿ, ಮುಧೋಳ, ಬೀಳಗಿಗಳಲ್ಲಿ ನಾವು ತಿರುಗುವಾಗ ಪೋಟಗಿಯ ಕಾಗದ ಹಿಡಿದು ಬಂದು ನಿಲ್ಲುವ ಹೆಣ್ಣುಮಕ್ಕಳಿದ್ದಾರೆ. ಅವರಿಗೆ ಉತ್ತರ ಕೊಡದೆ ಮುಂದೆ ಹೋಗುವದು ನಮ್ಮಿಂದಾಗದು.

ಹಿಂದೆ ನಮ್ಮ ಭಾಗದ ಅನೇಕ ಸಮಾಜಗಳಲ್ಲಿ ಪಂಚರ ಮುಂದೆ ಸೋಡಚೀಟಿ ಬರೆದರೆ ಸಂಬಂಧ ಹರಿಯುತ್ತಿತ್ತು, ಉಡಕಿಯೂ ಆಗುತ್ತಿತ್ತು. ಮುಂಬಯಿ ಪ್ರಾಂತದಲ್ಲಿ 1947ರಲ್ಲಿ ಹಿಂದೂ ವಿಚ್ಛೇದನ ಕಾಯದೆ ಆಯಿತು. ಮರುವರ್ಷ ಜಮಖಂಡಿ, ಮುಧೋಳ ಸಂಸ್ಥಾನಗಳು ಆ ಪ್ರಾಂತದಲ್ಲಿ ವಿಲೀನವಾದವು. 1955ರಲ್ಲಿ ಕೇಂದ್ರದ ಹಿಂದೂ ವಿವಾಹ ಕಾಯದೆ ಬಂದಿತು. ರೂಢಿಯ ಸೋಡಚೀಟಿಯನ್ನು ಅದು ಅಳಿಸಲಿಲ್ಲ. ಆದರೆ ಅಂಥ ರೂಢಿ ಉಂಟೆಂದು ಕೋರ್ಟಿನಲ್ಲಿ ಸಿದ್ಧಮಾಡಿ ತೋರಿಸಬೇಕು. ಬಾಂಡ್ ಕಾಗದಕ್ಕೆ ನೋಟರಿಯ ಮುದ್ರೆ ಒತ್ತಿಸಿದ ಮಾತ್ರಕ್ಕೆ ಗಂಡಹೆಂಡಿರು ಬೇರೆಯಾಗರು. ಅದನ್ನೇ ನಂಬಿ ಎರಡನೆಯ ಲಗ್ನವಾದವನ ಲಗ್ನ ಶೂನ್ಯ. ಬಂದ ಹೆಣ್ಣಿನ ಬಾಳು ನಡುನೀರಿನಲ್ಲಿ.

ಇಬ್ಬರೂ ಒಪ್ಪಿ ಬಿಡುವ ದಾರಿ 1976ರಲ್ಲಿ ಕಾಯದೆಗೆ ಸೇರಿತು. ಒಂದು ವರ್ಷ ಬೇರೆ ಇದ್ದವರು ಕೂಡಿ ಅರ್ಜಿ ಕೊಡಬೇಕು; 6 ತಿಂಗಳ ಮೇಲೆ, 18 ತಿಂಗಳ ಒಳಗೆ ತಿರುಗಿ ಬಂದು ಇಬ್ಬರೂ 'ಹೌದು' ಎನ್ನಬೇಕು. ಆಗಲೇ ಹುಕುಮನಾಮೆ. ನಡುವೆ ಒಬ್ಬರು ಒಪ್ಪಿಗೆ ಹಿಂದೆಗೆದರೆ ಹುಕುಮನಾಮೆ ಕೊಡಲಾಗದೆಂದು ಸರ್ವೋಚ್ಚ ನ್ಯಾಯಾಲಯ 1991ರಲ್ಲಿ ಹೇಳಿತು.

ಈ ಮುದ್ದತ್ತು ಇಟ್ಟದ್ದು ಮನಸ್ಸು ತಿರುಗೀತೆಂದು. ನಡೆಯುವದೇನು? 'ಮೊದಲು ಬಂದು ಹೌದೆನ್ನು, ಹಣ ಆಮೇಲೆ' ಎಂದು ಗಂಡನ ಕಡೆಯವರು. 'ಹಣ ಕಂಡ ಮೇಲೆ ಬರುತ್ತೇನೆ' ಎಂದು ಆಕೆ. ಊರವರು ಆಕೆಯನ್ನೇ ಹಟಮಾರಿ ಎನ್ನುತ್ತಾರೆ. ನಾವು ಹಾಗೆನ್ನುವದಿಲ್ಲ. ಹುಕುಮನಾಮೆ ಆಗುವವರೆಗೆ ಆಕೆ ಹೆಂಡತಿ. ಆತ ತೀರಿಕೊಂಡರೆ ಆಸ್ತಿಗೆ ವಾರಸದಾರಳು, ಇ.ಎಸ್.ಐ. ಇರುವ ಮಿಲ್ಲಿನಲ್ಲಿ ಕೆಲಸದ ಅಪಘಾತದಿಂದ ಸತ್ತರೆ ವಿಧವೆಯೆಂದು ಅದರ ಹಣಕ್ಕೆ ಹಕ್ಕುದಾರಳು. ಹುಕುಮನಾಮೆಯ ಮರುದಿನ ಇವೆಲ್ಲ ಇಲ್ಲ. ಅಂಗಡಿಕಾರ ಮಿತ್ರರೇ, ಹಣ ಎಣಿಸಿಕೊಳ್ಳದೆ ಪಾವತಿ ಬರೆದುಕೊಡುವವರು ನಿಮ್ಮಲ್ಲಿ ಯಾರಿದ್ದಾರೆ?

ಲೆಕ್ಕ ತೀರಿದ ಮೇಲೆ ಮಾತ್ರ ತಡಮಾಡಬಾರದು. 2017ರ ಸೆಪ್ಟೆಂಬರ 12ರಂದು ಸರ್ವೋಚ್ಚ ನ್ಯಾಯಾಲಯವು, ಒಪ್ಪಂದ ಪೂರ್ತಿಯಾಗಿ, ಕೂಡಿಸುವ ಪ್ರಯತ್ನವೂ ವಿಫಲವಾಗಿದ್ದರೆ ಆ 6 ತಿಂಗಳನ್ನು ಕೋರ್ಟು ಬಿಟ್ಟುಕೊಡಬಹುದೆಂದು ತೀರ್ಪಿತ್ತಿತು. ಆ ದಂಪತಿಗಳು 8 ವರ್ಷ ಬೇರೆ ಇದ್ದವರು. ಒಪ್ಪಂದದ ಮೊತ್ತ 2.75 ಕೋಟಿ ರೂಪಾಯಿ. ನಮ್ಮ ಮಗ್ಗದ ಮನೆಗಳಿಗೆ ಆ ಅಂಕಿ ಕನಸಿನಲ್ಲೂ ಬಾರದು. ಇರಲಿ, ನಿಯಮ ಎಲ್ಲರಿಗೂ ಒಂದೇ.

ಸೇಡಿಗಾಗಿ ತಡೆಯುವವರ ಮಾತು ಬೇರೆ. ಹಣವೂ ಕೊಡದೆ, ತಾರೀಖಿಗೂ ಬಾರದೆ, ಪರಊರಿಗೆ ದುಡಿಯಹೋಗಿ ಕೂತುಬಿಡುವವರು. ಇದರಲ್ಲಿ ಗಂಡಸರೇ ಮುಂದು ಎಂಬುದು ನಮ್ಮ ಅನುಭವ. ಆಕೆ ಮರುಲಗ್ನವಾಗುವಂತಿಲ್ಲ, ದಿನಗೂಲಿ ಕಳೆದುಕೊಂಡು ಕೋರ್ಟಿನ ಕಟ್ಟೆಯ ಮೇಲೆ ಕೂಡುವದೊಂದೇ ಕೆಲಸ. ಅಂಥವನ ಒಪ್ಪಿಗೆ ಕಾಯಬೇಕಾಗಿಲ್ಲ. 2 ವರ್ಷ ಬಿಟ್ಟುಹೋಗಿದ್ದರೆ, ಇಲ್ಲವೆ ಹಿಂಸೆ ಕೊಟ್ಟಿದ್ದರೆ ಆಕೆ ಒಬ್ಬಳೇ ಅರ್ಜಿ ಹಾಕಬಹುದು. 2003ರಿಂದ ತಾನಿರುವ ಊರಿನ ಕೋರ್ಟಿನಲ್ಲಿಯೇ ಹಾಕಬಹುದು.

ಒಪ್ಪಿ ಬಿಡುವವರು ಕರಾರನ್ನೆಲ್ಲ ಅರ್ಜಿಯಲ್ಲಿಯೇ ಬರೆಯಿಸಿರಿ. ಹಣದ ಡಿ.ಡಿ.ಯನ್ನು ಆತ ಕಡೆಯ ತಾರೀಖಿನ ದಿನ ನ್ಯಾಯಾಧೀಶರ ಎದುರಿಗೇ ಕೊಡಲಿ, ಆಕೆ ಆಗ ಹೌದೆನ್ನಲಿ. ವಕೀಲರ ಫೀ ಎಲ್ಲಿಂದ ತರುವದು ಎಂದು ತಾಯಂದಿರು ಹೆದರಬೇಕಿಲ್ಲ. 1987ರ ಕಾಯದೆಯಂತೆ ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ಪುಕ್ಕಟೆ ವಕೀಲರನ್ನು ಕೊಡಬೇಕು. ತಾಲೂಕಿನ ಕಾನೂನು ಸೇವಾ ಸಮಿತಿಗೆ ಅರ್ಜಿ ಬರೆಯಬೇಕಾದವರು ಸಭೆ ಮುಗಿದ ಮೇಲೆ ಇಲ್ಲಿಯೇ ಕೂಡಿರಿ, ಬರೆದುಕೊಡುತ್ತೇವೆ.